ಗಾಜಿನ ಮೇಲಿನ ಗೀರು: ಉಜ್ಜುವ ಮುನ್ನ ಪತ್ತೆ ಹಚ್ಚುವ ಕ್ರಮ

ಧಾರವಾಡದಲ್ಲಿ ಪಶ್ಚಿಮಕ್ಕೆ ಕಿಟಕಿ ಇರುವ ಮನೆಗಳಲ್ಲಿ ಗಾಜಿನ ದೋಷಗಳೆಲ್ಲ ಸಂಜೆ ಐದರ ಸುಮಾರಿಗೆ ಹೊರಬೀಳುತ್ತವೆ. ನಡು ಹಗಲಿನಲ್ಲಿ ಸ್ವಚ್ಛವಾಗಿ ಕಂಡ ಗಾಜೇ ಬಿಸಿಲು ಓರೆಯಾಗಿ ಬಿದ್ದ ಕೂಡಲೇ ಜೇಡರ ಬಲೆ ಹರಡಿದಂತೆ ಕಾಣುತ್ತದೆ. ಫೋಟೊಗಳಿಗೆ ಕಟ್ಟು ಹಾಕುವ ಕೆಲಸ ನನ್ನದಾದ ಕಾರಣ ಇಂಥ ಗಾಜನ್ನು ಹೊತ್ತು ತರುವವರು ನಮ್ಮ ಅಂಗಡಿಗೆ ಆಗಾಗ ಬರುತ್ತಾರೆ. ಅವರು ಕೇಳುವ ಪ್ರಶ್ನೆಯೂ ಬಹುತೇಕ ಒಂದೇ: "ಗ್ಲಾಸಿಗೆ ಗೆರಿ ಬಿದ್ದಾವ ನೋಡ್ರಿ, ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದ್ರ ಹೋಗ್ತಾವಂತ, ಖರೇನ?" ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎನ್ನುವ ಮೊದಲು ತಿಳಿಯಬೇಕಾದ ಸಂಗತಿಗಳು ನಾಲ್ಕು. ಕಾಣುತ್ತಿರುವುದು ನಿಜವಾಗಿಯೂ ಗೀರೇ, ಅದು ಬಿದ್ದಿರುವುದು ಗಾಜಿನ ಮೇಲೆಯೇ, ಯಾವ ಬದಿಯಲ್ಲಿದೆ, ಎಷ್ಟು ಆಳವಾಗಿದೆ. ಇವುಗಳಿಗೆ ಉತ್ತರ ಸಿಗುವ ಮೊದಲೇ ಬಟ್ಟೆ ಕೈಗೆತ್ತಿಕೊಂಡವರು, ಒಂದು ಗೀರಿದ್ದಲ್ಲಿ ನೂರು ಸಣ್ಣ ಗೀರು ಮಾಡಿಕೊಂಡು ಬಂದಿರುವುದನ್ನು ನಾನು ನೋಡಿದ್ದೇನೆ. ಆ ತಪ್ಪನ್ನು ನಾನೂ ಒಮ್ಮೆ ಮಾಡಿದ್ದೇನೆ, ಅದರ ವಿಷಯ ಮುಂದೆ ಬರುತ್ತದೆ.

ಮೊದಲು ತೊಳೆಯುವುದು

ಪರೀಕ್ಷೆಗೆ ಮುಂಚೆ ಗಾಜನ್ನು ನೀರು ಸುರಿದು ತೊಳೆಯಬೇಕು. ಒಣ ಬಟ್ಟೆಯಿಂದ ಒರೆಸಬಾರದು. ನಮ್ಮ ಕಡೆಯ ಧೂಳಿನಲ್ಲಿ ಎರೆ ಮಣ್ಣಿನ ನುಣ್ಣನೆಯ ಪುಡಿಯ ಜೊತೆಗೆ ಉಸುಕಿನ ಕಣಗಳೂ ಇರುತ್ತವೆ, ಉಸುಕಿನ ಬಹುಪಾಲು ಬೆಣಚುಕಲ್ಲು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪನದಲ್ಲಿ ಕಿಟಕಿಯ ಸಾದಾ ಗಾಜು ಸುಮಾರು 5.5 ಆದರೆ ಬೆಣಚುಕಲ್ಲು 7. ಅಂದರೆ ಒಂದು ಕಣ ಉಸುಕು ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿಕೊಂಡರೆ ಸಾಕು, ಬಟ್ಟೆ ಎಷ್ಟೇ ಮೆತ್ತಗಿದ್ದರೂ ಅದು ಗಾಜನ್ನು ಕೊರೆಯುತ್ತದೆ. ಹುಬ್ಬಳ್ಳಿಯ ರಸ್ತೆ ಬದಿಯ ಅಂಗಡಿಗಳ ಶೋಕೇಸುಗಳಲ್ಲಿ ಕಾಣುವ ಅರ್ಧಚಂದ್ರಾಕಾರದ ನವುರಾದ ಗೀರುಗಳು ಬಹುತೇಕ ಹೀಗೆ ಹುಟ್ಟಿದವು: ಬೆಳಗಿನ ಧೂಳನ್ನು ಹುಡುಗ ಒಣ ಅರಿವೆಯಿಂದ ಗುಂಡಗೆ ಒರೆಸಿರುತ್ತಾನೆ, ಅವನ ಕೈ ತಿರುಗಿದ ದಾರಿಯೇ ಗಾಜಿನ ಮೇಲೆ ಉಳಿದಿರುತ್ತದೆ.

ಮೇಲಿಂದ ಕೆಳಕ್ಕೆ ನೀರು ಹರಿಯಬಿಟ್ಟು, ಪಾತ್ರೆ ತೊಳೆಯುವ ದ್ರವದ ಎರಡು ಹನಿ ಹಾಕಿದ ನೀರಿನಿಂದ ಜಿಡ್ಡು ತೆಗೆದು, ಕೊನೆಗೆ ಶುದ್ಧೀಕರಿಸಿದ ಕುಡಿಯುವ ನೀರಿನಿಂದ ಒಮ್ಮೆ ತೊಳೆದು, ಒಗೆದ ಹಳೆಯ ಧೋತರದ ತುಂಡಿನಿಂದ ಒತ್ತಿ ಒಣಗಿಸಬೇಕು. ಕೊನೆಯ ತೊಳೆತಕ್ಕೆ ಬೋರ್ ನೀರು ಬೇಡ ಎನ್ನುವುದರ ಕಾರಣ ಮುಂದಿನ ಭಾಗದಲ್ಲೇ ಇದೆ. ಒಣಗಿದ ಮೇಲೆ ಕೋಣೆಯನ್ನು ಕತ್ತಲು ಮಾಡಿ ಬ್ಯಾಟರಿಯ ಬೆಳಕನ್ನು ಗಾಜಿಗೆ ತೀರ ಓರೆಯಾಗಿ ಹಿಡಿದರೆ, ಇರುವುದೆಲ್ಲ ಕಾಣುತ್ತದೆ. ಕಂಡ ಗೀರಿನ ಸುತ್ತ ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಗುರುತು ಮಾಡಿಕೊಳ್ಳಬೇಕು, ಏಕೆಂದರೆ ಕೆಲಸ ಆರಂಭವಾದ ಮೇಲೆ ಅದು ಎಲ್ಲಿತ್ತೆಂಬುದೇ ಮರೆತುಹೋಗುತ್ತದೆ.

ಗೀರೋ, ಕಲೆಯೋ

ನನ್ನ ಬಳಿ ಬರುವ "ಗೀರು"ಗಳಲ್ಲಿ ಗಣನೀಯ ಪಾಲು ಗೀರುಗಳೇ ಅಲ್ಲ, ನೀರಿನ ಕಲೆಗಳು. ಅವಳಿ ನಗರದಲ್ಲಿ ಮಲಪ್ರಭೆಯ ನಳದ ನೀರನ್ನು ಕುಡಿಯಲು ಜೋಪಾನವಾಗಿ ತುಂಬಿಟ್ಟುಕೊಂಡು, ತೊಳೆಯುವುದಕ್ಕೆ ಬೋರ್ ನೀರನ್ನು ಬಳಸುವ ಮನೆಗಳು ಸಾಕಷ್ಟಿವೆ. ನೀರು ಕಾಯಿಸುವ ಹಂಡೆಯ ಒಳಗೆ ಬಿಳಿಯ ಪದರ ಕಟ್ಟುವ ಮನೆಯಲ್ಲಿ ಅದೇ ಪದರ ಕಿಟಕಿಯ ಗಾಜಿನ ಮೇಲೂ ಕಟ್ಟುತ್ತದೆ. ಹನಿಯೊಂದು ಗಾಜಿನ ಮೇಲೆ ಜಾರುತ್ತ ಒಣಗಿದರೆ ಅದರಲ್ಲಿದ್ದ ಸುಣ್ಣದಂಶ ಉದ್ದನೆಯ ಬಿಳಿ ಗೆರೆಯಾಗಿ ಉಳಿಯುತ್ತದೆ, ಮತ್ತು ಅದು ನೋಡಲು ಥೇಟ್ ಗೀರಿನಂತೆಯೇ ಇರುತ್ತದೆ.

ಎರಡನ್ನೂ ಬೇರ್ಪಡಿಸುವುದು ಸುಲಭ. ಹತ್ತಿಯ ಉಂಡೆಯೊಂದನ್ನು ವಿನೆಗರಿನಲ್ಲಿ ಅಥವಾ ಲಿಂಬೆರಸದಲ್ಲಿ ನೆನೆಸಿ ಗೆರೆಯ ಮೇಲೆ ಹತ್ತು ನಿಮಿಷ ಅಂಟಿಸಿಡಬೇಕು. ಆ ಸುಣ್ಣದಂಶದ, ಅಂದರೆ ಕ್ಯಾಲ್ಸಿಯಂ ಕಾರ್ಬೋನೇಟಿನ ಕಲೆಯಾಗಿದ್ದರೆ ಆಮ್ಲದಲ್ಲಿ ಕರಗಿ, ತೊಳೆದಾಗ ಗೆರೆ ಕಾಣೆಯಾಗುತ್ತದೆ ಅಥವಾ ತೆಳುವಾಗುತ್ತದೆ. ತೆಳುವಾದರೆ ಇನ್ನೊಮ್ಮೆ ಅದನ್ನೇ ಮಾಡಿದರೆ ಸಾಕು. ಗೀರಾಗಿದ್ದರೆ ವಿನೆಗರ್ ಅದಕ್ಕೆ ಏನನ್ನೂ ಮಾಡುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮಲ್ಲಿ ಕಿಟಕಿಯ ಕೆಳಗಿನ ಹಾಸು ಶಹಾಬಾದ ಫರಶಿಯದೋ ಕಡಪ ಕಲ್ಲಿನದೋ ಆಗಿರುವುದು ವಾಡಿಕೆ. ಎರಡೂ ಸುಣ್ಣದ ಕಲ್ಲುಗಳೇ. ಗಾಜಿನ ಕಲೆಯನ್ನು ಕರಗಿಸುವ ಆಮ್ಲ ಫರಶಿಯ ಹೊಳಪನ್ನೂ ತಿನ್ನುತ್ತದೆ, ಆದ್ದರಿಂದ ಮೊದಲು ಅದರ ಮೇಲೆ ಪ್ಲಾಸ್ಟಿಕ್ ಹಾಸಬೇಕು.

ವಿನೆಗರಿಗೂ ಹೋಗದ, ಕೈಗೂ ಗೀರೆನಿಸದ ಮೂರನೆಯ ಬಗೆಯೊಂದಿದೆ. ಮನೆ ಕಟ್ಟುವಾಗ ಸಿಮೆಂಟಿನ ಅಥವಾ ಸುಣ್ಣದ ನೀರು ಗಾಜಿನ ಮೇಲೆ ಸುರಿದು ದಿನಗಟ್ಟಲೆ ಉಳಿದಿದ್ದರೆ, ಅದರ ತೀವ್ರ ಕ್ಷಾರ ಗಾಜಿನ ಮೈಯನ್ನೇ ಕೊರೆದು ಹಾಲಿನ ಬಣ್ಣದ ಮಬ್ಬು ಉಂಟುಮಾಡುತ್ತದೆ. ಇದು ಗಾಜಿನ ಮೇಲೆ ಕೂತ ಕಲೆಯಲ್ಲ, ಗಾಜಿಗೇ ಆದ ಹಾನಿ. ಇದನ್ನು ಗೀರಿನಂತೆಯೇ ಪಾಲಿಶ್ ಮಾಡಿ ತೆಗೆಯಬೇಕಾಗುತ್ತದೆ, ಹರವು ದೊಡ್ಡದಾಗಿದ್ದರೆ ಕೈಬಿಡುವುದೇ ಲೇಸು. ಹಳೆಯ ಸ್ಟಿಕ್ಕರಿನ ಅಂಟು, ಪೇಂಟಿನ ಸಿಡಿತ ಇವನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ; ಅವು ಬೆರಳಿಗೆ ಉಬ್ಬಾಗಿ ತಾಗುತ್ತವೆ, ಗೀರು ಎಂದೂ ಉಬ್ಬಾಗಿರುವುದಿಲ್ಲ.

ಗಾಜೋ, ಪ್ಲಾಸ್ಟಿಕ್ಕೋ

ಟೂತ್‌ಪೇಸ್ಟಿನ ಮಾತಿಗೆ ಒಂದು ಮೂಲವಿದೆ ಎಂಬುದು ನನ್ನ ಊಹೆ. ಹಳೆಯ ಎಚ್‌ಎಂಟಿ ಕೀಲಿ ಗಡಿಯಾರಗಳಲ್ಲಿ ಅನೇಕವುಗಳ ಮೇಲ್ಮುಚ್ಚಳ ಅಕ್ರಿಲಿಕ್ ಪ್ಲಾಸ್ಟಿಕ್ಕಿನದು. ಅದು ಗಾಜಿಗಿಂತ ಬಹಳ ಮೆತ್ತಗಿನದಾದ್ದರಿಂದ ಟೂತ್‌ಪೇಸ್ಟ್ ಹಚ್ಚಿ ಬಟ್ಟೆಯಿಂದ ಐದು ನಿಮಿಷ ತಿಕ್ಕಿದರೆ ನಿಜಕ್ಕೂ ಹೊಳೆಯುತ್ತದೆ. ತಂದೆಯ ಗಡಿಯಾರಕ್ಕೆ ಫಲ ಕೊಟ್ಟ ಮದ್ದನ್ನು ಮಗ ಕಿಟಕಿಗೂ ಹಚ್ಚಿದರೆ ಆಶ್ಚರ್ಯವಿಲ್ಲ. ಆದರೆ ಟೂತ್‌ಪೇಸ್ಟಿನಲ್ಲಿ ಸಾಮಾನ್ಯವಾಗಿರುವ ಕ್ಯಾಲ್ಸಿಯಂ ಕಾರ್ಬೋನೇಟಿನ ಗಡಸುತನ ಸುಮಾರು 3, ಅಡಿಗೆ ಸೋಡಾದ್ದು 2.5ರ ಆಸುಪಾಸು. ತನಗಿಂತ ಗಟ್ಟಿಯಾದ ಗಾಜನ್ನು ಇವು ಸವೆಸಲಾರವು. ಹಲ್ಲಿಗೆ ಹಾನಿಯಾಗದಂತೆ ಮಾಡಿದ ವಸ್ತು ಗಾಜಿಗೆ ಏನು ಮಾಡೀತು?

ಗಾಜು ಯಾವುದು ಎಂದು ತಿಳಿಯಲು ಅಂಚಿನ ಬಳಿ ಉಗುರಿನಿಂದ ಮೆಲ್ಲಗೆ ತಟ್ಟಿ ನೋಡಬೇಕು. ಗಾಜು ಟಿಣ್ ಎನ್ನುತ್ತದೆ ಮತ್ತು ಕೆನ್ನೆಗೆ ಒತ್ತಿದರೆ ತಣ್ಣಗಿರುತ್ತದೆ, ಪ್ಲಾಸ್ಟಿಕ್ ಟಪ್ ಎನ್ನುತ್ತದೆ ಮತ್ತು ಅಷ್ಟು ತಣ್ಣಗಿರುವುದಿಲ್ಲ. ಈಗಿನ ಬಹುತೇಕ ಚಪ್ಪಟೆ ಟಿವಿಗಳ ಪರದೆ, ಸ್ಕೂಟರಿನ ಮೀಟರಿನ ಮುಚ್ಚಳ, ಬಹುತೇಕ ಚಷ್ಮಾಗಳ ಕಾಚು ಇವೆಲ್ಲ ಪ್ಲಾಸ್ಟಿಕ್ಕೇ. ಚಷ್ಮಾದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೇಪನ ಇರುತ್ತದೆ. ಅದರ ಮೇಲಿನ ಗೀರು ಲೇಪನದ ಗೀರು, ಉಜ್ಜಿದರೆ ಲೇಪನವೇ ಕಿತ್ತು ಬರುತ್ತದೆ. ಮೊಬೈಲಿನ ಪರದೆ ಗಾಜಿನದ್ದೇ ಆದರೂ ಬೆರಳಿನ ಜಿಡ್ಡು ಅಂಟದಂತೆ ಅದಕ್ಕೂ ಲೇಪನವಿರುತ್ತದೆ. ಇವುಗಳನ್ನು ಈ ಕೈಪಿಡಿಯ ಹೊರಗಿಡುತ್ತೇನೆ. ಬಣ್ಣದ ಅಥವಾ ಕನ್ನಡಿಯಂತೆ ಹೊಳೆಯುವ ಕಿಟಕಿ ಗಾಜುಗಳಿಗೂ ಒಂದು ಬದಿಯಲ್ಲಿ ಲೇಪನವಿರಬಹುದಾದ್ದರಿಂದ ಅವನ್ನೂ ಮುಟ್ಟದಿರುವುದು ಕ್ಷೇಮ.

ಯಾವ ಬದಿ, ಎಷ್ಟು ಆಳ

ಕನ್ನಡಿಯ ವಿಷಯದಲ್ಲಿ ಬದಿಯ ಪ್ರಶ್ನೆ ಮುಖ್ಯವಾಗುತ್ತದೆ. ಗೀರು ಮುಂಬದಿಯ ಗಾಜಿನ ಮೇಲಿದ್ದರೆ, ತುಸು ಓರೆಯಾಗಿ ನಿಂತು ನೋಡಿದಾಗ ಅದು ಜೋಡಿಯಾಗಿ ಕಾಣುತ್ತದೆ: ಒಂದು ಗೀರು, ಇನ್ನೊಂದು ಹಿಂದಿನ ಬೆಳ್ಳಿಯ ಪದರದಲ್ಲಿ ಮೂಡಿದ ಅದರ ನೆರಳು. ಒಂದೇ ಗೆರೆ ಕಂಡರೆ ಅದು ಹಿಂಬದಿಯ ಲೇಪನದ್ದು. ಮುಂದಿನಿಂದ ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ, ಯಾಕೆಂದರೆ ಅಲ್ಲಿ ಗೀರೇ ಇಲ್ಲ.

ಆಳವನ್ನು ಅಳೆಯಲು ಉಗುರೇ ಸಾಧನ. ಗೀರಿಗೆ ಅಡ್ಡಲಾಗಿ ಉಗುರನ್ನು ಹಗುರವಾಗಿ ಎಳೆಯಬೇಕು. ಉಗುರು ತಡೆಯದೆ ಜಾರಿದರೆ ಮನೆಯಲ್ಲಿ ಪ್ರಯತ್ನಿಸಬಹುದಾದ ಗೀರು. ಉಗುರು ಕಚ್ಚಿಕೊಂಡರೆ ಮನೆಯ ಕೆಲಸವಲ್ಲ. ಇದರ ಜೊತೆಗೆ ನಾನು ಮಾಡುವ ಇನ್ನೊಂದು ಪರೀಕ್ಷೆ ಶೇಂಗಾ ಎಣ್ಣೆಯದು. ಒಂದು ಹನಿ ಎಣ್ಣೆಯನ್ನು ಗೀರಿನ ಮೇಲೆ ಸವರಿದರೆ ನವುರು ಗೀರು ಮಾಯವಾದಂತೆ ಕಾಣುತ್ತದೆ. ಗೀರು ನಮ್ಮ ಕಣ್ಣಿಗೆ ಕಾಣುವುದು ಅದರ ಒರಟು ಅಂಚುಗಳಲ್ಲಿ ಬೆಳಕು ಚದುರುವುದರಿಂದ. ಗಾಜಿನ ವಕ್ರೀಭವನಾಂಕ, ಅಂದರೆ ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ, ಸುಮಾರು 1.5, ಶೇಂಗಾ ಎಣ್ಣೆಯದು ಸುಮಾರು 1.47. ಎರಡೂ ಹತ್ತಿರ ಹತ್ತಿರ ಇರುವುದರಿಂದ ಎಣ್ಣೆ ತುಂಬಿದ ಗೀರಿನಲ್ಲಿ ಬೆಳಕಿಗೆ ಎಡವುವ ಮೆಟ್ಟಿಲೇ ಸಿಗುವುದಿಲ್ಲ. ನೀರಿನದು 1.33 ಆದ್ದರಿಂದ ಒದ್ದೆ ಗಾಜಿನಲ್ಲಿ ಗೀರು ಮಸುಕಾಗುತ್ತದೆ, ಪೂರ್ತಿ ಅಡಗುವುದಿಲ್ಲ. ಎಣ್ಣೆ ಸವರಿದ ಮೇಲೂ ಬೆಳ್ಳಗೆ ಮಿನುಗುವ ಗೀರಿನ ಅಂಚಿನಲ್ಲಿ ಚಕ್ಕೆಗಳು ಎದ್ದಿರುತ್ತವೆ, ಒಳಕ್ಕೆ ಬಿರುಕು ಇಳಿದಿರುತ್ತದೆ. ಅದನ್ನು ಪಾಲಿಶ್ ಮಾಡಲು ಹೋಗಬಾರದು.

ಈ ಒಂದು ಹನಿ ಎಣ್ಣೆ ಎಷ್ಟೋ ಮನೆಮದ್ದುಗಳ ಗುಟ್ಟನ್ನೂ ಬಿಡಿಸುತ್ತದೆ. ಉಗುರಿನ ಪಾಲಿಶ್, ಮೇಣ, ಟೂತ್‌ಪೇಸ್ಟಿನ ಜಿಡ್ಡು ಇವೆಲ್ಲ ಗೀರನ್ನು ತುಂಬುತ್ತವೆ, ತೆಗೆಯುವುದಿಲ್ಲ. ತುಂಬಿದ್ದು ಸವೆದೋ ತೊಳೆದೋ ಹೋದ ಮೇಲೆ ಗೀರು ತನ್ನ ಜಾಗದಲ್ಲೇ ಕೂತಿರುತ್ತದೆ. ಹೀಗಾಗಿ ಯಾವುದೇ ಮದ್ದಿನ ಫಲವನ್ನು ಜಿಡ್ಡು ತೆಗೆದು ಪೂರ್ತಿ ಒಣಗಿಸಿದ ಗಾಜಿನ ಮೇಲೆ ಮಾತ್ರ ನಿರ್ಣಯಿಸಬೇಕು.

ಪಾಲಿಶ್ ಮಾಡುವ ಕ್ರಮ

ಗಾಜಿನ ಗೀರಿಗೆ ನಿಜವಾಗಿ ಕೆಲಸ ಮಾಡುವ ಪುಡಿ ಸೀರಿಯಂ ಆಕ್ಸೈಡ್. ತಿಳಿ ಹಳದಿ ಅಥವಾ ಗುಲಾಬಿ ಮಿಶ್ರಿತ ಕಂದು ಬಣ್ಣದ ಈ ಪುಡಿಯನ್ನು ಮಸೂರ ತಯಾರಿಸುವವರು ಬಹುಕಾಲದಿಂದ ಬಳಸುತ್ತಿದ್ದಾರೆ, ದೊಡ್ಡ ಗಾಜಿನ ಅಂಗಡಿಗಳಲ್ಲಿ ಕೇಳಿದರೆ ತರಿಸಿಕೊಡುತ್ತಾರೆ. ಇದರ ಗಡಸುತನ ಗಾಜಿಗೆ ಹೆಚ್ಚುಕಡಿಮೆ ಸಮ. ಇದು ಬರಿಯ ತಿಕ್ಕಾಟದಿಂದಲ್ಲ, ನೀರಿನ ಸಮ್ಮುಖದಲ್ಲಿ ಗಾಜಿನ ಮೇಲ್ಮೈಯ ಸಿಲಿಕಾವನ್ನು ರಾಸಾಯನಿಕವಾಗಿ ಹಿಡಿದು ಕಣಕಣವಾಗಿ ಎತ್ತುತ್ತದೆ. ನೀರಿಲ್ಲದೆ ಇದು ಕೆಲಸ ಮಾಡದಿರುವುದಕ್ಕೆ ಅದೇ ಕಾರಣ.

ಎರಡು ಚಮಚ ಪುಡಿಗೆ ನೀರು ಬೆರೆಸಿ ಗಟ್ಟಿ ಮಜ್ಜಿಗೆಯ ಹದಕ್ಕೆ ತರಬೇಕು. ಪುಡಿ ಗಾಳಿಯಲ್ಲಿ ಹಾರುವುದರಿಂದ ಕಲಸುವಾಗ ಮೂಗಿಗೆ ಮಾಸ್ಕ್ ಇರಲಿ. ಗಾಜನ್ನು ಸಾಧ್ಯವಾದರೆ ಚೌಕಟ್ಟಿನಿಂದ ಬಿಡಿಸಿ, ದಪ್ಪ ಬಟ್ಟೆ ಹಾಸಿದ ಮೇಜಿನ ಮೇಲೆ ಅಂಗಾತ ಮಲಗಿಸಬೇಕು. ಬಿಡಿಸಲಾಗದಿದ್ದರೆ ಅಂಚಿನ ರಬ್ಬರಿಗೂ ಕಟ್ಟಿಗೆಗೂ ಟೇಪು ಅಂಟಿಸಬೇಕು. ಕೈಯಿಂದ ಮಾಡುವವರು ಫೆಲ್ಟ್ (ಉಣ್ಣೆಯನ್ನು ಒತ್ತಿ ಮಾಡಿದ ದಪ್ಪ ಬಟ್ಟೆ) ತುಂಡನ್ನು ಸಣ್ಣ ಮರದ ಗಟ್ಟಿಗೆ ಸುತ್ತಿಕೊಂಡರೆ ಒತ್ತಡ ಸಮನಾಗಿ ಬೀಳುತ್ತದೆ. ಫೆಲ್ಟ್ ಸಿಗಲಿಲ್ಲವೆಂದು ಹಳೆಯ ಕಂಬಳಿ ಕತ್ತರಿಸಿಕೊಂಡವರಿದ್ದಾರೆ. ಉಣ್ಣೆಯಿಂದ ಗಾಜಿಗೆ ಅಪಾಯವಿಲ್ಲ, ಆದರೆ ಕಂಬಳಿಯೊಳಗೆ ವರ್ಷಗಟ್ಟಲೆ ಕೂತ ಧೂಳಿನಿಂದ ಇದೆ.

ಉಜ್ಜುವಾಗ ಗೀರಿನ ಉದ್ದಕ್ಕೇ ಹೋಗಬಾರದು. ಗೀರಿನ ಸುತ್ತ ಅಂಗೈಯಗಲದ ಜಾಗದಲ್ಲಿ ಚಿಕ್ಕ ಚಿಕ್ಕ ಸುತ್ತುಗಳಲ್ಲಿ, ಸಾಧಾರಣ ಒತ್ತಡದಲ್ಲಿ ಕೈಯಾಡಿಸಬೇಕು. ಪಾಲಿಶ್ ಎಂದರೆ ಗೀರನ್ನು ಮುಚ್ಚುವುದಲ್ಲ, ಸುತ್ತಲಿನ ಗಾಜನ್ನು ಗೀರಿನ ತಳದ ಮಟ್ಟಕ್ಕೆ ಇಳಿಸುವುದು. ಗೀರಿನ ಮೇಲಷ್ಟೇ ಒತ್ತಿದರೆ ಅಲ್ಲೊಂದು ಕುಳಿ ಬೀಳುತ್ತದೆ, ಆಮೇಲೆ ಗೀರು ಹೋದರೂ ಅದರ ಹಿಂದಿನ ತೆಂಗಿನ ಮರ ಕಿಟಕಿಯಲ್ಲಿ ಬಳುಕಿದಂತೆ ಕಾಣುತ್ತದೆ. ಪ್ರತಿ ಎರಡು ನಿಮಿಷಕ್ಕೊಮ್ಮೆ ನೀರು ಚಿಮುಕಿಸಿ, ಹತ್ತು ನಿಮಿಷಕ್ಕೊಮ್ಮೆ ತೊಳೆದು ಒಣಗಿಸಿ ಬ್ಯಾಟರಿಯ ಬೆಳಕಿನಲ್ಲಿ ನೋಡಬೇಕು. ಕೂದಲೆಳೆಯಷ್ಟು ನವುರಾದ ಗೀರಿಗೂ ಕೈಯಿಂದ ಅರ್ಧ ಗಂಟೆಗೆ ಕಡಿಮೆ ಹಿಡಿಯುವುದಿಲ್ಲ. ಇಷ್ಟು ತಾಳ್ಮೆ ಇಲ್ಲದವರು ಡ್ರಿಲ್ಲಿಗೆ ಫೆಲ್ಟ್ ಪ್ಯಾಡ್ ಜೋಡಿಸಿಕೊಳ್ಳಬಹುದು, ಆದರೆ ವೇಗ ಕಡಿಮೆ ಇರಬೇಕು ಮತ್ತು ಪ್ಯಾಡ್ ಒಂದೇ ಕಡೆ ನಿಲ್ಲಬಾರದು. ಸಾದಾ ಗಾಜಿನ ಒಂದು ಭಾಗ ಇನ್ನೊಂದಕ್ಕಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಬಿರುಕು ಬಿಡುವ ಸಂಭವವಿದೆ. ಕೈ ಇಟ್ಟರೆ ಬೆಚ್ಚಗೆನಿಸಿದ ಕೂಡಲೇ ನಿಲ್ಲಿಸಿ ತಾನಾಗಿ ಆರಲು ಬಿಡಬೇಕು. ಬಿಸಿಯಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು.

ಕೆಲಸದ ನಡುವೆ ತೊಂದರೆ ಕಂಡರೆ

ಗೀರು ಹಾಗೇ ಇದ್ದು ಸುತ್ತ ಮಬ್ಬು ಹಬ್ಬಿದ್ದರೆ, ಪುಡಿ ಒಣಗಿದ ಮೇಲೂ ಉಜ್ಜಿದ್ದೀರಿ ಎಂದರ್ಥ. ನೀರು ಸೇರಿಸಿ ಅದೇ ಪುಡಿಯಿಂದ ಮುಂದುವರಿದರೆ ಮಬ್ಬು ಹೋಗುತ್ತದೆ. ಮೊದಲಿಲ್ಲದ ಹೊಸ ಗೀರುಗಳು ಸುತ್ತುಸುತ್ತಾಗಿ ಕಾಣಿಸಿಕೊಂಡರೆ ಪ್ಯಾಡಿನೊಳಗೆ ಉಸುಕಿನ ಕಣ ಸೇರಿದೆ. ಪ್ಯಾಡನ್ನು ತೊಳೆದು ಮತ್ತೆ ಬಳಸುವ ಆಸೆ ಬೇಡ, ಅದನ್ನೂ ಕಲಸಿದ ಪುಡಿಯನ್ನೂ ಎಸೆದು ಹೊಸದಾಗಿ ಆರಂಭಿಸಬೇಕು. ಒಂದು ಗಂಟೆ ಕಳೆದರೂ ಗೀರಿನಲ್ಲಿ ವ್ಯತ್ಯಾಸವೇ ಕಾಣದಿದ್ದರೆ ಆಳದ ಅಂದಾಜು ತಪ್ಪಿದೆ.

ನನ್ನ ತಪ್ಪಿನ ವಿಷಯ ಇಲ್ಲಿ ಹೇಳಬಹುದು. ಹಲವು ವರ್ಷಗಳ ಹಿಂದೆ ನಮ್ಮ ಮನೆಯ ಪಶ್ಚಿಮದ ಕಿಟಕಿಯ ಕಲೆಗಳನ್ನು ಗೀರೆಂದು ಭಾವಿಸಿ, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿಗೆ ರಂಗೋಲಿ ಪುಡಿ ಹಚ್ಚಿ ಉಜ್ಜಿದೆ. ಆ ಹಸಿರು ಸ್ಕ್ರಬ್ಬರಿನ ಎಳೆಗಳಿಗೆ ಅಂಟಿಸಿರುವುದು ಸಾಮಾನ್ಯವಾಗಿ ಅಲ್ಯೂಮಿನಿಯಂ ಆಕ್ಸೈಡ್, ಅದರ ಗಡಸುತನ 9. ರಂಗೋಲಿ ಪುಡಿಯಲ್ಲಿ ಬೆಣಚುಕಲ್ಲಿನ ಅಂಶವೂ ಇದ್ದಿರಬೇಕು. ನೀರಿನ ಕಲೆಗಳು ಹೋದವು, ಅಂಗೈಯಗಲದ ಜಾಗ ಮಂಜುಗಟ್ಟಿದಂತಾಯಿತು. ಅದನ್ನು ಸೀರಿಯಂ ಆಕ್ಸೈಡಿನಿಂದ ಸರಿಪಡಿಸಲು ಎರಡು ಭಾನುವಾರಗಳು ಹೋದವು, ಒಂದು ಲಿಂಬೆಹಣ್ಣಿನಿಂದ ಮುಗಿಯುವ ಕೆಲಸವಾಗಿತ್ತು. ಬೂದಿ, ಇಟ್ಟಂಗಿ ಪುಡಿ, ಸ್ಟೀಲಿನ ನಾರು ಇವೂ ಗಾಜಿಗೆ ಸಲ್ಲದವು.

ಕೈ ಹಾಕಬಾರದ ಸಂದರ್ಭಗಳು

ಕಾರಿನ ಮುಂದಿನ ಗಾಜಿನಲ್ಲಿ ಚಾಲಕನ ಕಣ್ಣಿನ ನೇರಕ್ಕೆ ಬಿದ್ದ ವೈಪರ್ ಗೀರನ್ನು ಮನೆಯಲ್ಲಿ ಪಾಲಿಶ್ ಮಾಡಬಾರದು. ಅಲ್ಲಿ ಕಣ್ಣಿಗೆ ಕಾಣದಷ್ಟು ಕುಳಿ ಬಿದ್ದರೂ ರಾತ್ರಿ ಎದುರಿನ ಲಾರಿಯ ದೀಪ ಒಡೆದು ಹರಡಿದಂತೆ ಕಾಣುತ್ತದೆ. ಕಾರಿನ ಪಕ್ಕದ ಕಿಟಕಿ, ಬಚ್ಚಲುಮನೆಯ ಗಾಜಿನ ಬಾಗಿಲು ಇಂಥವು ಟಫನ್ಡ್ ಗಾಜು, ಮೂಲೆಯಲ್ಲಿ ಸಣ್ಣ ಮುದ್ರೆ ಇರುವುದು ರೂಢಿ. 600 ಡಿಗ್ರಿಗೂ ಮೇಲೆ ಕಾಯಿಸಿ ಗಾಳಿ ಹಾಯಿಸಿ ಥಟ್ಟನೆ ಆರಿಸಿರುವುದರಿಂದ ಅದರ ಮೇಲ್ಮೈ ಸದಾ ಒಳಕ್ಕೆ ಒತ್ತಿ ಹಿಡಿದ ಸ್ಥಿತಿಯಲ್ಲಿರುತ್ತದೆ, ಬಲವೆಲ್ಲ ಆ ಮೇಲ್ಪದರದಲ್ಲೇ ಇದೆ. ನವುರು ಗೀರನ್ನು ಕೈಯಿಂದ ಪಾಲಿಶ್ ಮಾಡಿದರೆ ಅಡ್ಡಿಯಿಲ್ಲ, ಆಳದ ಗೀರಿದ್ದರೆ ಮುಟ್ಟಬಾರದು. ಗಾಜನ್ನು ಕೊರೆಯುತ್ತದೆಂದು ತುಕ್ಕು ತೆಗೆಯುವ ದ್ರಾವಣಗಳನ್ನು ಬಳಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬಾರದು. ಅವುಗಳಲ್ಲಿ ಕೆಲವುದರಲ್ಲಿರುವ ಹೈಡ್ರೋಫ್ಲೋರಿಕ್ ಆಮ್ಲ ಗಾಜಿಗಿಂತ ಮೊದಲು ಚರ್ಮ ದಾಟಿ ಎಲುಬಿನವರೆಗೆ ಹೋಗುತ್ತದೆ.

ಭಾರ ಹೊರುವ ಗಾಜಿನ ಮೇಲಿನ ನೇರವಾದ ಆಳದ ಗೀರನ್ನು ಅಂದದ ಪ್ರಶ್ನೆಯಾಗಿ ನೋಡಲೇಬಾರದು. ನಾವು ಗಾಜು ಕೊಯ್ಯುವ ಬಗೆಯೇ ಅದು: ಕಟರಿನಿಂದ ಒಂದು ಗೀರು ಎಳೆದು, ಎರಡೂ ಬದಿ ಹಿಡಿದು ಬಗ್ಗಿಸಿದರೆ ಆ ಗೀರಿನ ಗುಂಟ ಗಾಜು ಮುರಿಯುತ್ತದೆ. ಕಪಾಟಿನ ಗಾಜಿನ ಹಲಗೆಯಲ್ಲಿ ಅಂಥ ಗೀರಿದ್ದರೆ, ಅದು ಅರ್ಧ ಕೊಯ್ದಿಟ್ಟ ಗಾಜು.

ಕಳೆದ ದಸರೆಗೆ ಮುಂಚೆ ಧಾರವಾಡದ ಪೇಢೆ ಅಂಗಡಿಯೊಂದರ ಮಾಲೀಕರು ತಮ್ಮ ಶೋಕೇಸಿನ ಮೇಲಿನ ಗಾಜನ್ನು ತೋರಿಸಲು ಕರೆದಿದ್ದರು. ಗಿರಾಕಿಗಳು ಚಿಲ್ಲರೆ ಇಟ್ಟು ಎಳೆಯುವ ಜಾಗದಲ್ಲಿ ಗೀರುಗಳು ದಟ್ಟವಾಗಿದ್ದವು. ನಾಣ್ಯದ ಸ್ಟೀಲಿಗಿಂತ ಅದರ ಅಡಿ ಸಿಕ್ಕ ಧೂಳು ಮಾಡಿದ ಕೆಲಸ ಅದು. ಉಗುರು ಎಳೆದೆ, ಮೂರು ಕಡೆ ಕಚ್ಚಿಕೊಂಡಿತು. ಎಣ್ಣೆ ಸವರಿದೆ, ಎರಡು ಗೀರು ಮಿನುಗುತ್ತಲೇ ಉಳಿದವು. "ಪಾಲಿಶ್ ಬ್ಯಾಡ್ರಿ ಕಾಕಾರ, ಇದರಾಗ ಕೈ ಊರಿ ನಿಲ್ತಾರ ಮಂದಿ" ಎಂದೆ. ಅವರು ಹೊಸ ಗಾಜು ಹಾಕಿಸಿ, ಚಿಲ್ಲರೆ ಇಡಲು ಒಂದು ರಬ್ಬರಿನ ತುಂಡು ಅಂಟಿಸಿದರು. ಹಳೆಯ ಗಾಜಿನ ಗೀರಿಲ್ಲದ ಭಾಗದಿಂದ ನಾನು ನಾಲ್ಕು ಫೋಟೊಗಳಿಗೆ ಆಗುವಷ್ಟು ಕೊಯ್ದುಕೊಂಡೆ.